ಗಣಕಯಂತ್ರವು ಜೋಡಣಾ ಸಾಧನಗಳನ್ನು ಗುರುತಿಸುವ ಬಗೆ: ಡಿಜಿಟಲ್ ಸಹಿ ಟೋಕನ್, ಬೆರಳಚ್ಚು ಯಂತ್ರ ಹಾಗೂ ಪೆನ್ ಡ್ರೈವ್ ಬಳಸುವ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಸರ್ಕಾರದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಇಂದು ಒಂದಲ್ಲ ಒಂದು ಹಂತದಲ್ಲಿ ಗಣಕಯಂತ್ರಕ್ಕೆ ಜೋಡಿಸುವ ಚಿಕ್ಕ ಸಾಧನಗಳನ್ನು ಬಳಸಬೇಕಾಗುತ್ತದೆ. ಉಪ ನೋಂದಣಾಧಿಕಾರಿಗಳ ಕಛೇರಿಯಲ್ಲಿ ಬೆರಳಚ್ಚು ಯಂತ್ರ ಮತ್ತು ಕ್ಯಾಮೆರಾ, ಬೆಂಗಳೂರು ಒನ್ ಕೇಂದ್ರದಲ್ಲಿ ಆಧಾರ್ ಸೇವೆಗೆ ಬೆರಳಚ್ಚು ಹಾಗೂ ಕಣ್ಣಿನ ಪಾಪೆಯ ಯಂತ್ರ, ಕಂಪನಿಗಳ ವಾರ್ಷಿಕ ವಿವರಣೆ ಅಥವಾ ಟೆಂಡರ್ ಸಲ್ಲಿಸುವವರಿಗೆ ಡಿಜಿಟಲ್ ಸಹಿ ಟೋಕನ್, ದಾಖಲೆಗಳನ್ನು ಕೊಂಡೊಯ್ಯಲು ಪೆನ್ ಡ್ರೈವ್, ಇವು ಸಾಮಾನ್ಯ ಉದಾಹರಣೆಗಳು.

ಸಾಧನವನ್ನು ಜೋಡಿಸಿದ ಕೂಡಲೇ ಗಣಕಯಂತ್ರವು ಅದನ್ನು ‘ಗುರುತಿಸುತ್ತದೆ’ ಅಥವಾ ‘ಗುರುತಿಸುವುದಿಲ್ಲ’. ಈ ಒಂದು ಮಾತಿನ ಮೇಲೆ ಅರ್ಜಿದಾರರ ಒಂದು ದಿನದ ಕೆಲಸವೇ ನಿಂತಿರುತ್ತದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು 1890ರ ದಶಕದಲ್ಲಿ ರೂಪುಗೊಂಡ ಬಡಾವಣೆಗಳು. ಇಲ್ಲಿನ ಹಳೆಯ ಮನೆಗಳು ಎರಡು ಮೂರು ತಲೆಮಾರು ದಾಟಿ ಬಂದಿರುವುದರಿಂದ, ವಿಭಾಗ ಪತ್ರ, ದಾನ ಪತ್ರ, ಹಕ್ಕು ಬಿಡುಗಡೆ ಪತ್ರಗಳ ನೋಂದಣಿಗೆ ವಯೋವೃದ್ಧರು ಖುದ್ದಾಗಿ ಹಾಜರಾಗುವುದು ಸಾಮಾನ್ಯ. ನೋಂದಣಿ ಅಧಿನಿಯಮ, 1908ಕ್ಕೆ 2001ರಲ್ಲಿ ಸೇರಿಸಲಾದ 32ಎ ಕಲಂ ದಸ್ತಾವೇಜಿಗೆ ಭಾವಚಿತ್ರ ಮತ್ತು ಬೆರಳ ಗುರುತುಗಳನ್ನು ಅಂಟಿಸುವ ಬಗ್ಗೆ ವಿಧಿಸುತ್ತದೆ. ಬೆರಳಚ್ಚು ಯಂತ್ರ ಕೆಲಸ ಮಾಡದಿದ್ದಾಗ, ಯಂತ್ರವೇ ಗುರುತಿಸಲ್ಪಟ್ಟಿಲ್ಲವೋ ಅಥವಾ ಸವೆದ ಬೆರಳಿನ ಗೆರೆಗಳು ಓದಲ್ಪಡುತ್ತಿಲ್ಲವೋ ಎಂಬ ವ್ಯತ್ಯಾಸ ತಿಳಿದಿದ್ದಲ್ಲಿ, ಹಿರಿಯರನ್ನು ಅನಗತ್ಯವಾಗಿ ಮತ್ತೊಂದು ದಿನ ಕರೆತರುವ ತೊಂದರೆ ಎಷ್ಟೋ ಬಾರಿ ತಪ್ಪುತ್ತದೆ.

ಸದರಿ ಗುರುತಿಸುವಿಕೆ ಹೇಗೆ ನಡೆಯುತ್ತದೆ, ಅದರಿಂದ ಏನು ಖಚಿತವಾಗುತ್ತದೆ, ಏನು ಖಚಿತವಾಗುವುದಿಲ್ಲ ಮತ್ತು ಅರ್ಜಿದಾರರು ಯಾವ ಎಚ್ಚರಿಕೆ ವಹಿಸತಕ್ಕದ್ದು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ಬಳಸಲಾದ ಪದಗಳ ಅರ್ಥ

ಕಾರ್ಯಾಚರಣ ವ್ಯವಸ್ಥೆ: ಗಣಕಯಂತ್ರದ ಎಲ್ಲ ಭಾಗಗಳನ್ನು ನಿರ್ವಹಿಸುವ ಮೂಲ ತಂತ್ರಾಂಶ. ಉದಾ: ವಿಂಡೋಸ್, ಲಿನಕ್ಸ್.

ಫರ್ಮ್‌ವೇರ್: ಸಾಧನದ ಒಳಗಿನ ಚಿಪ್‌ನಲ್ಲಿ ತಯಾರಕರೇ ಬರೆದಿಟ್ಟಿರುವ ತಂತ್ರಾಂಶ. ಸಾಧನ ತನ್ನ ಬಗ್ಗೆ ಹೇಳಿಕೊಳ್ಳುವ ಎಲ್ಲ ವಿವರಗಳೂ ಇದರಿಂದಲೇ ಬರುತ್ತವೆ.

ಚಾಲಕ ತಂತ್ರಾಂಶ: ನಿರ್ದಿಷ್ಟ ಸಾಧನದೊಡನೆ ವ್ಯವಹರಿಸುವ ವಿಧಾನವನ್ನು ಕಾರ್ಯಾಚರಣ ವ್ಯವಸ್ಥೆಗೆ ತಿಳಿಸಿಕೊಡುವ ತಂತ್ರಾಂಶ. ಸಾಮಾನ್ಯವಾಗಿ ‘ಡ್ರೈವರ್’ ಎಂದು ಕರೆಯಲಾಗುತ್ತದೆ.

ಯುಎಸ್‌ಬಿ: ಮೇಲೆ ಹೇಳಿದ ಬಹುತೇಕ ಸಾಧನಗಳನ್ನು ಜೋಡಿಸುವ ಸಾಮಾನ್ಯ ವಿಧಾನ. ಇದರ ಮೊದಲ ಮಾನಕ 1996ರಲ್ಲಿ, 2.0 ಆವೃತ್ತಿ 2000ದಲ್ಲಿ ಹಾಗೂ 3.0 ಆವೃತ್ತಿ 2008ರಲ್ಲಿ ಪ್ರಕಟವಾದವು. ಇಂಟೆಲ್ ಸಂಸ್ಥೆಯಲ್ಲಿ ಇದನ್ನು ರೂಪಿಸಿದ ತಂಡದ ಪ್ರಮುಖರಲ್ಲಿ ಭಾರತದಲ್ಲಿ ಜನಿಸಿದ ಶ್ರೀ ಅಜಯ್ ಭಟ್ ಅವರೂ ಒಬ್ಬರು.

ಇದಕ್ಕೆ ಮೊದಲು ಮುದ್ರಕ, ಕೀಲಿಮಣೆ, ಮೌಸ್ ಇವುಗಳಿಗೆ ಬೇರೆ ಬೇರೆ ಬಗೆಯ ಕಿಂಡಿಗಳಿದ್ದವು. ಯಾವ ಕಿಂಡಿಗೆ ಏನು ಜೋಡಿಸಲಾಗಿದೆ ಎಂಬುದನ್ನು ಬಳಕೆದಾರರೇ ಗಣಕಯಂತ್ರಕ್ಕೆ ತಿಳಿಸಬೇಕಾಗಿತ್ತು. ಯುಎಸ್‌ಬಿಯಲ್ಲಿ ಎಲ್ಲಕ್ಕೂ ಒಂದೇ ಬಗೆಯ ಕಿಂಡಿ ಇರುವುದರಿಂದ, ಬಂದ ಸಾಧನ ಯಾವುದೆಂದು ಸಾಧನವೇ ಹೇಳಿಕೊಳ್ಳುವ ವ್ಯವಸ್ಥೆ ಅನಿವಾರ್ಯವಾಯಿತು.

3. ಸಾಧನದಲ್ಲಿರುವ ಗುರುತಿನ ವಿವರಗಳು

ಪ್ರತಿಯೊಂದು ಯುಎಸ್‌ಬಿ ಸಾಧನದ ಫರ್ಮ್‌ವೇರ್‌ನಲ್ಲಿ 18 ಬೈಟ್‌ಗಳ ಒಂದು ಚಿಕ್ಕ ವಿವರಣ ಪಟ್ಟಿ ಇರುತ್ತದೆ. ಅದರಲ್ಲಿನ ಮುಖ್ಯ ಅಂಶಗಳು ಈ ಕೆಳಕಂಡಂತಿವೆ:

(ಅ) ತಯಾರಕರ ಸಂಖ್ಯೆ: ಯುಎಸ್‌ಬಿ ಮಾನಕವನ್ನು ನಿರ್ವಹಿಸುವ ಅಂತರರಾಷ್ಟ್ರೀಯ ಸಂಸ್ಥೆಯು ಪ್ರತಿ ತಯಾರಕರಿಗೆ ನೀಡುವ ಸಂಖ್ಯೆ. ಇದಕ್ಕೆ 2 ಬೈಟ್‌ಗಳ ಸ್ಥಳವಿದ್ದು, ಒಟ್ಟು 65,536 ಸಂಖ್ಯೆಗಳು ಸಾಧ್ಯ. ಹದಿನಾರರ ಎಣಿಕೆಯಲ್ಲಿ ನಾಲ್ಕು ಅಂಕಿಗಳಾಗಿ ಇದನ್ನು ಬರೆಯುವುದು ರೂಢಿ. ಉದಾಹರಣೆಗೆ, ಸ್ಯಾನ್‌ಡಿಸ್ಕ್ ಸಂಸ್ಥೆಯ ಸಂಖ್ಯೆ 0781.

(ಆ) ಉತ್ಪನ್ನ ಸಂಖ್ಯೆ: ತಯಾರಕರು ತಮ್ಮ ಪ್ರತಿ ಮಾದರಿಗೆ ತಾವೇ ಕೊಡುವ ಸಂಖ್ಯೆ. ಒಂದೇ ಮಾದರಿಯ ಎಲ್ಲ ಸಾಧನಗಳಿಗೂ ಇದು ಒಂದೇ ಆಗಿರುತ್ತದೆ.

(ಇ) ಪರಿಷ್ಕರಣ ಸಂಖ್ಯೆ: ಸದರಿ ಮಾದರಿಯ ಎಷ್ಟನೆಯ ಆವೃತ್ತಿ ಎಂಬುದು.

(ಈ) ವರ್ಗ ಸಂಖ್ಯೆ: ಸಾಧನ ಯಾವ ಬಗೆಯದೆಂದು ತಿಳಿಸುವುದು. ಕೀಲಿಮಣೆ ಮತ್ತು ಮೌಸ್ 03ನೇ ವರ್ಗಕ್ಕೆ, ಮುದ್ರಕಗಳು 07ಕ್ಕೆ, ಪೆನ್ ಡ್ರೈವ್ ಮುಂತಾದ ಸಂಗ್ರಹ ಸಾಧನಗಳು 08ಕ್ಕೆ ಸೇರುತ್ತವೆ. ಸ್ಮಾರ್ಟ್ ಕಾರ್ಡ್ ಬಗೆಯ ಸಾಧನಗಳಿಗೂ ಕ್ಯಾಮೆರಾಗಳಿಗೂ ಪ್ರತ್ಯೇಕ ವರ್ಗಗಳಿವೆ. ಯಾವ ಸಾಮಾನ್ಯ ವರ್ಗಕ್ಕೂ ಸೇರದ ಸಾಧನಗಳಿಗೆ ‘ತಯಾರಕರ ಸ್ವಂತ ವರ್ಗ’ ಎಂಬುದಿದ್ದು, ಅನೇಕ ಬೆರಳಚ್ಚು ಯಂತ್ರಗಳು ಇದರಲ್ಲಿ ಬರುತ್ತವೆ. ಒಂದೇ ಸಾಧನವು ಒಂದಕ್ಕಿಂತ ಹೆಚ್ಚು ಕೆಲಸ ಮಾಡುವುದಿದ್ದಲ್ಲಿ, ಪ್ರತಿ ಕೆಲಸಕ್ಕೂ ಬೇರೆ ವರ್ಗ ಸಂಖ್ಯೆಯನ್ನು ಮತ್ತೊಂದು ಪಟ್ಟಿಯಲ್ಲಿ ಹೇಳಲು ಅವಕಾಶವಿದೆ.

(ಉ) ಹೆಸರುಗಳು ಮತ್ತು ಕ್ರಮಸಂಖ್ಯೆ: ತಯಾರಕರ ಹೆಸರು, ಉತ್ಪನ್ನದ ಹೆಸರು ಮತ್ತು ಆ ಒಂದು ಸಾಧನಕ್ಕೇ ಮೀಸಲಾದ ಕ್ರಮಸಂಖ್ಯೆ. ಇವು ಐಚ್ಛಿಕ. ಆದರೆ ಪೆನ್ ಡ್ರೈವ್‌ಗಳು ಸಾಮಾನ್ಯವಾಗಿ ಅನುಸರಿಸುವ ಸಂಗ್ರಹ ಸಾಧನ ನಿಯಮದ ಪ್ರಕಾರ ಕನಿಷ್ಠ 12 ಅಂಕಿಗಳ ಕ್ರಮಸಂಖ್ಯೆ ಇರತಕ್ಕದ್ದು.

ಸದರಿ ಹೆಸರುಗಳನ್ನು ಯೂನಿಕೋಡ್ ಅಕ್ಷರಗಳಲ್ಲಿ ಬರೆಯಲಾಗುತ್ತದೆ ಹಾಗೂ ಅವು ಯಾವ ಭಾಷೆಯಲ್ಲಿವೆ ಎಂಬುದಕ್ಕೂ ಸಂಕೇತ ಸಂಖ್ಯೆಗಳಿವೆ. ಯುಎಸ್‌ಬಿ ಮಾನಕದ ಭಾಷಾ ಪಟ್ಟಿಯಲ್ಲಿ ಕನ್ನಡಕ್ಕೂ ಸ್ಥಾನವಿದ್ದು, ದಶಮಾನ ಎಣಿಕೆಯಲ್ಲಿ ಅದರ ಸಂಖ್ಯೆ 1099. ಅಂದರೆ ಸಾಧನವೊಂದು ತನ್ನ ಹೆಸರನ್ನು ಕನ್ನಡದಲ್ಲಿ ಹೇಳಿಕೊಳ್ಳಲು ಮಾನಕದಲ್ಲಿ ಅವಕಾಶವಿದೆ. ಆದರೆ ಮಾರುಕಟ್ಟೆಯ ಬಹುತೇಕ ಸಾಧನಗಳು ಇಂಗ್ಲಿಷಿನಲ್ಲಿ ಮಾತ್ರ ಹೆಸರು ಹೇಳುತ್ತವೆ.

4. ಗುರುತಿಸುವ ಹಂತಗಳು

ಸಾಧನವನ್ನು ಕಿಂಡಿಗೆ ಸೇರಿಸಿದ ಕ್ಷಣದಿಂದ ಅದು ಬಳಕೆಗೆ ಸಿದ್ಧವಾಗುವವರೆಗೆ ನಡೆಯುವ ಕ್ರಮವು ಈ ಕೆಳಗಿನಂತಿದೆ. ಸಾಮಾನ್ಯವಾಗಿ ಇದೆಲ್ಲವೂ ಒಂದೆರಡು ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಮೊದಲನೆಯದಾಗಿ, ಕಿಂಡಿಯಲ್ಲಿ ಏನೋ ಸೇರಿದೆ ಎಂಬುದು ವಿದ್ಯುತ್ ಮಟ್ಟದಲ್ಲಿ ತಿಳಿಯುತ್ತದೆ. ಯುಎಸ್‌ಬಿ 2.0ವರೆಗಿನ ಸಾಧನಗಳಲ್ಲಿ ದತ್ತಾಂಶದ ಎರಡು ತಂತಿಗಳ ಪೈಕಿ ಒಂದನ್ನು ಸಾಧನವು 1.5 ಕಿಲೋ ಓಮ್ ರೋಧಕದ ಮೂಲಕ ಮೇಲಕ್ಕೆತ್ತುತ್ತದೆ. ಯಾವ ತಂತಿ ಎಂಬುದರಿಂದ ಸಾಧನದ ವೇಗವೂ ಸೂಚಿತವಾಗುತ್ತದೆ. ಜೋಡಣೆ ಗಟ್ಟಿಯಾಗಲೆಂದು ಕನಿಷ್ಠ 100 ಮಿಲಿಸೆಕೆಂಡು ಕಾಯಲಾಗುತ್ತದೆ.

ಎರಡನೆಯದಾಗಿ, ಕಾರ್ಯಾಚರಣ ವ್ಯವಸ್ಥೆಯು ಸಾಧನವನ್ನು ಮರುಹೊಂದಿಸುತ್ತದೆ. ಹೊಸದಾಗಿ ಬಂದ ಸಾಧನಕ್ಕೆ ಇನ್ನೂ ವಿಳಾಸ ಇರುವುದಿಲ್ಲವಾದ್ದರಿಂದ ಅದು ತಾತ್ಕಾಲಿಕವಾಗಿ 0 ಎಂಬ ವಿಳಾಸದಲ್ಲಿ ಉತ್ತರಿಸುತ್ತದೆ.

ಮೂರನೆಯದಾಗಿ, ಸಾಧನಕ್ಕೆ 1ರಿಂದ 127ರೊಳಗಿನ ಒಂದು ವಿಳಾಸವನ್ನು ನೀಡಲಾಗುತ್ತದೆ. ಕಛೇರಿಗೆ ಬಂದ ಅರ್ಜಿದಾರರಿಗೆ ಕೊಡುವ ಸರತಿ ಸಂಖ್ಯೆಯಂತೆ ಇದು ಆ ಹೊತ್ತಿಗೆ ಮಾತ್ರ ಅನ್ವಯಿಸುತ್ತದೆ. ಸಾಧನವನ್ನು ತೆಗೆದು ಮತ್ತೆ ಜೋಡಿಸಿದರೆ ಬೇರೆ ಸಂಖ್ಯೆ ಬರಬಹುದು. ಅರ್ಜಿದಾರರ ಹೆಸರು, ವಿಳಾಸಗಳಂತೆ ಸ್ಥಿರವಾಗಿರುವುದು ಫರ್ಮ್‌ವೇರ್‌ನಲ್ಲಿರುವ ವಿವರಗಳು ಮಾತ್ರ.

ನಾಲ್ಕನೆಯದಾಗಿ, 18 ಬೈಟ್‌ಗಳ ವಿವರಣ ಪಟ್ಟಿ, ಅದರ ನಂತರ ಸಾಧನದ ಕಾರ್ಯಗಳ ಪಟ್ಟಿ ಮತ್ತು ಹೆಸರುಗಳನ್ನು ಓದಲಾಗುತ್ತದೆ. ತನಗೆ ಎಷ್ಟು ವಿದ್ಯುತ್ ಬೇಕು ಎಂಬುದನ್ನೂ ಸಾಧನವು ಇಲ್ಲಿಯೇ ತಿಳಿಸುತ್ತದೆ. ಯುಎಸ್‌ಬಿ 2.0ರಲ್ಲಿ ಅನುಮತಿ ದೊರೆಯುವ ಮುನ್ನ 100 ಮಿಲಿ ಆಂಪಿಯರ್, ಅನಂತರ ಗರಿಷ್ಠ 500 ಮಿಲಿ ಆಂಪಿಯರ್ ಪಡೆಯಬಹುದು. ಯುಎಸ್‌ಬಿ 3.0ರಲ್ಲಿ ಗರಿಷ್ಠ ಮಿತಿ 900 ಮಿಲಿ ಆಂಪಿಯರ್.

ಐದನೆಯದಾಗಿ, ಓದಿದ ವಿವರಗಳಿಗೆ ಹೊಂದುವ ಚಾಲಕ ತಂತ್ರಾಂಶವನ್ನು ಹುಡುಕಿ ಸಾಧನಕ್ಕೆ ಒಪ್ಪಿಸಲಾಗುತ್ತದೆ. ಇದು ಮುಗಿದ ನಂತರವೇ ಸಾಧನವು ಅರ್ಜಿಯ ತಂತ್ರಾಂಶಕ್ಕೆ ಲಭ್ಯವಾಗುತ್ತದೆ.

5. ಚಾಲಕ ತಂತ್ರಾಂಶದ ಆಯ್ಕೆ

ವಿಂಡೋಸ್ ವ್ಯವಸ್ಥೆಯು ತಯಾರಕರ ಸಂಖ್ಯೆ, ಉತ್ಪನ್ನ ಸಂಖ್ಯೆ ಮತ್ತು ಪರಿಷ್ಕರಣ ಸಂಖ್ಯೆಗಳನ್ನು ಸೇರಿಸಿ ಒಂದು ‘ಯಂತ್ರಾಂಶ ಗುರುತು’ ಸಿದ್ಧಪಡಿಸುತ್ತದೆ. ತನ್ನಲ್ಲಿರುವ ಚಾಲಕ ತಂತ್ರಾಂಶಗಳ ಪಟ್ಟಿಯಲ್ಲಿ ಈ ಗುರುತಿಗೆ ನಿಖರವಾಗಿ ಹೊಂದುವುದನ್ನು ಮೊದಲು ಹುಡುಕುತ್ತದೆ. ಅದು ಸಿಗದಿದ್ದಲ್ಲಿ ವರ್ಗ ಸಂಖ್ಯೆಯ ಆಧಾರದ ಮೇಲೆ ಸಾಮಾನ್ಯ ಚಾಲಕ ತಂತ್ರಾಂಶವನ್ನು ಆರಿಸುತ್ತದೆ. ಲಿನಕ್ಸ್‌ನಲ್ಲಿಯೂ ಇದೇ ವಿವರಗಳ ಆಧಾರದ ಮೇಲೆ ಹೊಂದಾಣಿಕೆ ನಡೆಯುತ್ತದೆ.

ಯಾವುದೇ ಸಂಸ್ಥೆಯ ಪೆನ್ ಡ್ರೈವ್ ಯಾವುದೇ ಗಣಕಯಂತ್ರದಲ್ಲಿ ಒಡನೆಯೇ ಕೆಲಸ ಮಾಡಲು ಇದೇ ಕಾರಣ. 08ನೇ ವರ್ಗಕ್ಕೆ ಬೇಕಾದ ಸಾಮಾನ್ಯ ಚಾಲಕ ತಂತ್ರಾಂಶ ಎಲ್ಲ ವ್ಯವಸ್ಥೆಗಳಲ್ಲಿಯೂ ಮೊದಲೇ ಇರುತ್ತದೆ. ಬೆರಳಚ್ಚು ಯಂತ್ರ ತಯಾರಕರ ಸ್ವಂತ ವರ್ಗದ್ದಾಗಿದ್ದಲ್ಲಿ, ಆ ತಯಾರಕರು ಕೊಟ್ಟ ಚಾಲಕ ತಂತ್ರಾಂಶವನ್ನು ಹಾಕದ ಹೊರತು ಅದು ಕೆಲಸ ಮಾಡುವುದಿಲ್ಲ.

ಕೆಲವು ಡಿಜಿಟಲ್ ಸಹಿ ಟೋಕನ್‌ಗಳನ್ನು ಜೋಡಿಸಿದಾಗ ಗಣಕಯಂತ್ರದಲ್ಲಿ ಒಂದು ಸಿ.ಡಿ. ಡ್ರೈವ್ ಕಾಣಿಸಿಕೊಳ್ಳುತ್ತದೆ. ಇದರಿಂದ ಅರ್ಜಿದಾರರು ಗಾಬರಿಯಾಗಬೇಕಾಗಿಲ್ಲ. ತನಗೆ ಬೇಕಾದ ತಂತ್ರಾಂಶವನ್ನು ಒಡಲಲ್ಲಿಯೇ ತಂದಿರುವ ಟೋಕನ್, ಅದನ್ನು ಒಪ್ಪಿಸುವ ಸಲುವಾಗಿ ತನ್ನನ್ನು ಸಿ.ಡಿ. ಎಂದೂ ಪರಿಚಯಿಸಿಕೊಳ್ಳುತ್ತದೆ.

ಹಳೆಯ ಸಾಧನಗಳ ವಿಷಯದಲ್ಲಿ ಬೇರೊಂದು ತೊಂದರೆ ಇದೆ. 64 ಬಿಟ್ ವಿಂಡೋಸ್ ವ್ಯವಸ್ಥೆಯು ವಿಸ್ತಾ ಆವೃತ್ತಿಯಿಂದ ಮೊದಲ್ಗೊಂಡು, ವ್ಯವಸ್ಥೆಯ ಒಳಗರ್ಭದಲ್ಲಿ ನಡೆಯುವ ಚಾಲಕ ತಂತ್ರಾಂಶಗಳಿಗೆ ಡಿಜಿಟಲ್ ಸಹಿ ಇರಲೇಬೇಕೆಂದು ವಿಧಿಸಿದೆ. ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಯಂತ್ರವು ತನ್ನ ವಿವರಗಳನ್ನು ಇಂದಿಗೂ ಸರಿಯಾಗಿಯೇ ಹೇಳಬಹುದು. ಅದಕ್ಕೆ ಹೊಂದುವ ಹೊಸ ಚಾಲಕ ತಂತ್ರಾಂಶವನ್ನು ತಯಾರಕರು ಹೊರತಂದಿಲ್ಲವಾದಲ್ಲಿ ಅದು ಹೊಸ ಗಣಕಯಂತ್ರದಲ್ಲಿ ನಡೆಯುವುದಿಲ್ಲ. ಚಾಮರಾಜಪೇಟೆ, ಚಿಕ್ಕಪೇಟೆ ಸುತ್ತಮುತ್ತಲಿನ ಮುದ್ರಣ ಹಾಗೂ ಡಿಟಿಪಿ ಕೇಂದ್ರಗಳಲ್ಲಿ ಬೀಗದ ಕೀಲಿಯಂತೆ ಬಳಸಲಾಗುವ ‘ಹಾರ್ಡ್‌ವೇರ್ ಲಾಕ್’ ಸಾಧನಗಳಿಗೂ ಈ ಮಾತು ಅನ್ವಯಿಸುತ್ತದೆ.

6. ಕ್ರಮಸಂಖ್ಯೆಯ ಮಹತ್ವ

ಒಂದೇ ಮಾದರಿಯ ಎರಡು ಸಾಧನಗಳ ತಯಾರಕರ ಸಂಖ್ಯೆ ಹಾಗೂ ಉತ್ಪನ್ನ ಸಂಖ್ಯೆ ಒಂದೇ ಆಗಿರುವುದರಿಂದ, ಅವನ್ನು ಪ್ರತ್ಯೇಕಿಸಲು ಕ್ರಮಸಂಖ್ಯೆಯೊಂದೇ ಆಧಾರ. ಕ್ರಮಸಂಖ್ಯೆ ಇರುವ ಸಾಧನವನ್ನು ಯಾವ ಕಿಂಡಿಗೆ ಜೋಡಿಸಿದರೂ ವಿಂಡೋಸ್ ಅದನ್ನು ಹಳೆಯ ಪರಿಚಯದ ಸಾಧನವೆಂದೇ ಭಾವಿಸುತ್ತದೆ. ಕ್ರಮಸಂಖ್ಯೆ ಇಲ್ಲದ ಸಾಧನಕ್ಕೆ ಕಿಂಡಿಯ ಆಧಾರದ ಮೇಲೆ ಗುರುತು ನೀಡಲಾಗುತ್ತದೆ. ಆದ್ದರಿಂದ ಬೇರೆ ಕಿಂಡಿಗೆ ಜೋಡಿಸಿದಾಗ ಅದನ್ನು ಹೊಸ ಸಾಧನವೆಂದು ತಿಳಿದು ಚಾಲಕ ತಂತ್ರಾಂಶ ಹಾಕುವ ಕ್ರಮವನ್ನು ಮತ್ತೆ ಆರಂಭಿಸುತ್ತದೆ. ನಿನ್ನೆ ನಡೆಯುತ್ತಿದ್ದ ಟೋಕನ್ ಅಥವಾ ಬೆರಳಚ್ಚು ಯಂತ್ರ ಇಂದು ನಡೆಯುತ್ತಿಲ್ಲ ಎಂದು ಕಂಡುಬಂದಾಗ, ನಿನ್ನೆ ಬಳಸಿದ ಕಿಂಡಿಗೇ ಜೋಡಿಸಿ ನೋಡುವುದು ಸೂಕ್ತ.

ಅರ್ಜಿದಾರರು ಕೆಳಕಂಡ ಮೂರು ಸಂಖ್ಯೆಗಳನ್ನು ಒಂದೇ ಎಂದು ಭಾವಿಸತಕ್ಕದ್ದಲ್ಲ:

(ಅ) ಯುಎಸ್‌ಬಿ ಕ್ರಮಸಂಖ್ಯೆ: ಫರ್ಮ್‌ವೇರ್ ಹೇಳುವುದು.
(ಆ) ಟೋಕನ್‌ನ ಹೊರಮೈ ಮೇಲೆ ಅಚ್ಚು ಮಾಡಿರುವ ಅಥವಾ ಟೋಕನ್ ತಂತ್ರಾಂಶ ತೋರಿಸುವ ಸಂಖ್ಯೆ: ತಯಾರಕರು ಕೊಟ್ಟಿದ್ದು.
(ಇ) ಪ್ರಮಾಣಪತ್ರದ ಕ್ರಮಸಂಖ್ಯೆ: ಡಿಜಿಟಲ್ ಸಹಿ ಪ್ರಮಾಣಪತ್ರ ನೀಡಿದ ಪ್ರಾಧಿಕಾರ ಕೊಟ್ಟಿದ್ದು.

ಪ್ರಮಾಣಪತ್ರವನ್ನು ರದ್ದುಪಡಿಸಲು ಕೋರುವಾಗ ಮೂರನೆಯ ಸಂಖ್ಯೆಯೇ ಮುಖ್ಯ. ಟೋಕನ್ ಕಳೆದುಹೋದ ಮೇಲೆ ಅದನ್ನು ನೋಡಿ ಬರೆದುಕೊಳ್ಳಲು ಸಾಧ್ಯವಾಗದು. ಆದ್ದರಿಂದ ಟೋಕನ್ ಕೈಗೆ ಬಂದ ದಿನವೇ ಬರೆದಿಟ್ಟುಕೊಳ್ಳತಕ್ಕದ್ದು.

7. ಗಣಕಯಂತ್ರದಲ್ಲಿ ಉಳಿಯುವ ದಾಖಲೆ

ಜೋಡಿಸಿದ ಪ್ರತಿ ಸಾಧನದ ಗುರುತಿನ ವಿವರಗಳು, ಅದನ್ನು ತೆಗೆದ ನಂತರವೂ, ವಿಂಡೋಸ್‌ನ ನೋಂದಣಿ ಕಡತ ಹಾಗೂ ಅಳವಡಿಕೆ ದಿನಚರಿಯಲ್ಲಿ ಉಳಿಯುತ್ತವೆ. ಸೈಬರ್ ಕೇಂದ್ರದಲ್ಲಿ ಅಥವಾ ಪರರ ಕಛೇರಿಯಲ್ಲಿ ಪೆನ್ ಡ್ರೈವ್ ಬಳಸಿದರೆ, ಅದರ ಮಾದರಿ ಹಾಗೂ ಕ್ರಮಸಂಖ್ಯೆ ಮತ್ತು ಮೊದಲು ಜೋಡಿಸಿದ ಸಮಯ ಆ ಗಣಕಯಂತ್ರದಲ್ಲಿ ದಾಖಲಾಗುತ್ತವೆ. ತನಿಖೆಯ ಸಂದರ್ಭದಲ್ಲಿ ಈ ದಾಖಲೆ ಉಪಯುಕ್ತವಾಗುತ್ತದೆ.

ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವವರಿಗೂ ಇದು ಸಂಬಂಧಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಅನ್ವಯ ಸಲ್ಲಿಸಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಸಾಧನದ ತಯಾರಿಕೆ, ಮಾದರಿ, ಕ್ರಮಸಂಖ್ಯೆ ಹಾಗೂ ದಾಖಲೆಯ ‘ಹ್ಯಾಶ್’ ಮೌಲ್ಯವನ್ನು ನಮೂದಿಸಲು ಅಂಕಣಗಳಿವೆ. ಆಸ್ತಿ ವ್ಯಾಜ್ಯಗಳಲ್ಲಿ ಧ್ವನಿಮುದ್ರಿಕೆ ಅಥವಾ ಛಾಯಾಚಿತ್ರಗಳನ್ನು ಪೆನ್ ಡ್ರೈವ್‌ನಲ್ಲಿ ಸಲ್ಲಿಸುವವರು ಸದರಿ ವಿವರಗಳನ್ನು ಮುಂಚಿತವಾಗಿ ಸಂಗ್ರಹಿಸಿಕೊಳ್ಳುವುದು ಒಳಿತು.

8. ಗುರುತು ಎಂದರೆ ಪುರಾವೆಯಲ್ಲ

ಸಾರ್ವಜನಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಮೇಲ್ಕಂಡ ಎಲ್ಲ ವಿವರಗಳೂ ಸಾಧನವು ತನ್ನ ಬಗ್ಗೆ ತಾನೇ ಹೇಳಿಕೊಂಡಂಥವು. ಸಾಮಾನ್ಯವಾಗಿ ಕಾರ್ಯಾಚರಣ ವ್ಯವಸ್ಥೆಯು ಅವನ್ನು ಪರಿಶೀಲಿಸುವುದಿಲ್ಲ, ನಂಬುತ್ತದೆ. ಇದರಿಂದ ಉಂಟಾಗುವ ತೊಂದರೆಗಳು ಮುಖ್ಯವಾಗಿ ಎರಡು ಬಗೆಯವು.

(ಅ) ಸುಳ್ಳು ಸಾಮರ್ಥ್ಯ: ಪೆನ್ ಡ್ರೈವ್‌ನ ಸಾಮರ್ಥ್ಯವನ್ನು ತಿಳಿಸುವುದೂ ಫರ್ಮ್‌ವೇರ್. ಫರ್ಮ್‌ವೇರ್ ತಿದ್ದಲಾದ ನಕಲಿ ಪೆನ್ ಡ್ರೈವ್‌ನಲ್ಲಿ 8 ಗಿಗಾಬೈಟ್ ಚಿಪ್ ಇದ್ದರೂ ಗಣಕಯಂತ್ರದ ಪರದೆಯ ಮೇಲೆ 128 ಗಿಗಾಬೈಟ್ ಎಂದೇ ಕಾಣಿಸುತ್ತದೆ. ನೈಜ ಸಾಮರ್ಥ್ಯ ಮೀರಿದ ನಂತರ ಬರೆದ ಕಡತಗಳ ಹೆಸರು ಮಾತ್ರ ಉಳಿದು ಒಳಗಿನ ಮಾಹಿತಿ ನಾಶವಾಗುತ್ತದೆ. ಹಳೆಯ ಕ್ರಯಪತ್ರ, ಋಣಭಾರ ಪ್ರಮಾಣಪತ್ರಗಳ ಪ್ರತಿಗಳನ್ನು ಇಂಥದರಲ್ಲಿ ಇಟ್ಟುಕೊಂಡವರಿಗೆ ಅವು ಬೇಕಾದ ದಿನವೇ ನಷ್ಟ ಗೊತ್ತಾಗುತ್ತದೆ. ಸಾದರ್ ಪತ್ರಪ್ಪ ರಸ್ತೆಯಲ್ಲಾಗಲಿ, ಅಂತರ್ಜಾಲದ ಮಳಿಗೆಯಲ್ಲಾಗಲಿ, ಕೊಂಡ ಪೆನ್ ಡ್ರೈವ್‌ಗೆ ರಸೀದಿ ಪಡೆದು, ಒಮ್ಮೆ ಪೂರ್ತಿ ತುಂಬಿಸಿ ಕಡತಗಳನ್ನು ತೆರೆದು ನೋಡಿದ ನಂತರವೇ ಮುಖ್ಯ ದಾಖಲೆಗಳಿಗೆ ಬಳಸತಕ್ಕದ್ದು.

(ಆ) ಸುಳ್ಳು ವರ್ಗ: 2014ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ‘ಬ್ಲ್ಯಾಕ್ ಹ್ಯಾಟ್’ ಸಮಾವೇಶದಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು, ಪೆನ್ ಡ್ರೈವ್‌ನ ಫರ್ಮ್‌ವೇರ್ ತಿದ್ದಿ ಅದು ತನ್ನನ್ನು ಕೀಲಿಮಣೆ ಎಂದು ಪರಿಚಯಿಸಿಕೊಳ್ಳುವಂತೆ ಮಾಡಬಹುದೆಂದು ತೋರಿಸಿದರು. ‘ಬ್ಯಾಡ್‌ಯುಎಸ್‌ಬಿ’ ಎಂದು ಹೆಸರಾದ ಈ ವಿಧಾನದಲ್ಲಿ ಸಾಧನವು ಬಳಕೆದಾರರೇ ಒತ್ತಿದಂತೆ ಆದೇಶಗಳನ್ನು ತಾನೇ ಒತ್ತುತ್ತದೆ. ವೈರಾಣು ಪರೀಕ್ಷೆಯು ಕಡತಗಳನ್ನು ನೋಡುತ್ತದೆಯೇ ಹೊರತು ಫರ್ಮ್‌ವೇರ್ ಅನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಹೊರಗಿನ ಪೆನ್ ಡ್ರೈವ್‌ಗಳನ್ನು ತಮ್ಮ ಗಣಕಯಂತ್ರಕ್ಕೆ ಜೋಡಿಸಲು ಅನೇಕ ಕಛೇರಿಗಳು ನಿರಾಕರಿಸುವುದಕ್ಕೆ ಇಂಥ ಅಪಾಯವೂ ಒಂದು ಕಾರಣ. ಅರ್ಜಿದಾರರ ಮೇಲಿನ ಅವಿಶ್ವಾಸವೆಂದು ಇದನ್ನು ಭಾವಿಸಬಾರದಾಗಿ ಕೋರಲಾಗಿದೆ. ದಾರಿಯಲ್ಲಿ ಸಿಕ್ಕಿದ ಅಥವಾ ಅಪರಿಚಿತರು ಕೊಟ್ಟ ಪೆನ್ ಡ್ರೈವ್ ಅನ್ನು ಯಾವ ಕಾರಣಕ್ಕೂ ಜೋಡಿಸತಕ್ಕದ್ದಲ್ಲ.

9. ಪುರಾವೆ ಬೇಕಾದಲ್ಲಿ ಅನುಸರಿಸುವ ವಿಧಾನ

ಗುರುತಿನ ಜೊತೆಗೆ ಪುರಾವೆಯೂ ಅಗತ್ಯವಿರುವ ಸೇವೆಗಳಲ್ಲಿ ಗೂಢಲಿಪಿಯ ಕೀಲಿಗಳನ್ನು ಬಳಸಲಾಗುತ್ತದೆ.

ಆಧಾರ್ ದೃಢೀಕರಣದಲ್ಲಿ 2017ರಿಂದ ‘ನೋಂದಾಯಿತ ಸಾಧನ’ ಪದ್ಧತಿ ಜಾರಿಗೆ ಬಂದಿತು. ಈ ಪದ್ಧತಿಯಲ್ಲಿ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಗುರುತು ಮತ್ತು ಗುಪ್ತ ಕೀಲಿ ಇದ್ದು, ಬೆರಳಚ್ಚಿನ ಮಾಹಿತಿಯು ಆ ಕೀಲಿಯ ಸಹಿಯೊಂದಿಗೆ, ಗೂಢಲಿಪಿಯಲ್ಲಿಯೇ ರವಾನೆಯಾಗುತ್ತದೆ. ಮೊದಲೇ ಸಂಗ್ರಹಿಸಿಟ್ಟ ಬೆರಳಚ್ಚನ್ನು ಮತ್ತೆ ಕಳುಹಿಸುವ ದುರುಪಯೋಗವನ್ನು ತಡೆಯುವುದು ಇದರ ಉದ್ದೇಶ. ಕೇವಲ ತಯಾರಕರ ಸಂಖ್ಯೆ ಹೊಂದಿದ ಮಾತ್ರಕ್ಕೆ ಯಂತ್ರವನ್ನು ಒಪ್ಪಿಕೊಳ್ಳಲಾಗುವುದಿಲ್ಲ.

ಡಿಜಿಟಲ್ ಸಹಿ ಟೋಕನ್‌ನ ವಿಷಯವೂ ಹೀಗೆಯೇ. ಗಣಕಯಂತ್ರವು ಟೋಕನ್ ಅನ್ನು ಗುರುತಿಸಿತು ಎಂದಾಕ್ಷಣ ಸಹಿ ಆಗುವುದಿಲ್ಲ. ಟೋಕನ್‌ನ ಒಳಗಿರುವ ಖಾಸಗಿ ಕೀಲಿ ಮತ್ತು ಅರ್ಜಿದಾರರಿಗೆ ಮಾತ್ರ ತಿಳಿದಿರಬೇಕಾದ ಪಿನ್ ಸೇರಿದಾಗಲೇ ಸಹಿ ಆಗುತ್ತದೆ. ಖಾಸಗಿ ಕೀಲಿಯು ಟೋಕನ್ ಬಿಟ್ಟು ಹೊರಗೆ ಬರದಂತೆ ರಚಿಸಲಾಗಿದ್ದು, ಅದನ್ನು ಪೆನ್ ಡ್ರೈವ್‌ನ ಕಡತದಂತೆ ನಕಲು ಮಾಡಲಾಗದು.

ಉದಾಹರಣೆಗೆ, ಒಂದು ಕುಟುಂಬದ ಚಿಕ್ಕ ಕಂಪನಿಯಲ್ಲಿ ತಂದೆ ಮತ್ತು ಮಗಳು ಇಬ್ಬರೂ ನಿರ್ದೇಶಕರು. ಇಬ್ಬರ ಟೋಕನ್‌ಗಳೂ ಒಂದೇ ಮಾದರಿಯವು. ಎರಡನ್ನೂ ಒಟ್ಟಿಗೆ ಜೋಡಿಸಿದಾಗ ಹೆಸರು, ತಯಾರಕರ ಸಂಖ್ಯೆ, ಉತ್ಪನ್ನ ಸಂಖ್ಯೆ ಎಲ್ಲವೂ ಒಂದೇ ಆಗಿ ಕಾಣುತ್ತವೆ. ತಂದೆಯ ಪಿನ್ ಅನ್ನು ಮಗಳ ಟೋಕನ್‌ಗೆ ನಿಗದಿತ ಬಾರಿಗಿಂತ ಹೆಚ್ಚು ಸಲ ಒತ್ತಿದರೆ ಟೋಕನ್ ಬಂದ್ ಆಗುತ್ತದೆ. ವಿವರಣೆ ಸಲ್ಲಿಸುವ ಕೊನೆಯ ದಿನ ಹೀಗಾದಲ್ಲಿ ದಂಡ ತೆರಬೇಕಾಗಬಹುದು. ಆದ್ದರಿಂದ ಒಂದು ಬಾರಿಗೆ ಒಂದೇ ಟೋಕನ್ ಜೋಡಿಸಿ, ಪರದೆಯ ಮೇಲೆ ಪ್ರಮಾಣಪತ್ರದಲ್ಲಿರುವ ಹೆಸರನ್ನು ಓದಿ ಖಚಿತಪಡಿಸಿಕೊಂಡ ನಂತರವೇ ಪಿನ್ ನೀಡತಕ್ಕದ್ದು.

10. ಟೋಕನ್ ಅನ್ನು ಇತರರ ವಶಕ್ಕೆ ನೀಡುವ ಬಗ್ಗೆ

ಕೆಲವರು ಅನುಕೂಲಕ್ಕಾಗಿ ಟೋಕನ್ ಅನ್ನು ಲೆಕ್ಕಪರಿಶೋಧಕರ ಅಥವಾ ಮಧ್ಯವರ್ತಿಗಳ ಬಳಿ ಬಿಟ್ಟು, ಪಿನ್ ಅನ್ನು ಚೀಟಿಯಲ್ಲಿ ಬರೆದು ಟೋಕನ್‌ಗೇ ಅಂಟಿಸಿರುತ್ತಾರೆ. ಮೇಲೆ ವಿವರಿಸಿದಂತೆ, ಗಣಕಯಂತ್ರಕ್ಕೆ ಟೋಕನ್ ಗೊತ್ತಾಗುತ್ತದೆ, ಪಿನ್ ಗೊತ್ತಾಗುತ್ತದೆ. ಪಿನ್ ಒತ್ತಿದ ಕೈ ಯಾರದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಆ ಸಹಿಯು ಪ್ರಮಾಣಪತ್ರದಲ್ಲಿ ಯಾರ ಹೆಸರಿದೆಯೋ ಅವರದೇ ಎಂದು ಪರಿಗಣಿತವಾಗುತ್ತದೆ.

2000ದ ಅಕ್ಟೋಬರ್ 17ರಿಂದ ಜಾರಿಯಲ್ಲಿರುವ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ 42ನೇ ಕಲಂ ಪ್ರಕಾರ, ಖಾಸಗಿ ಕೀಲಿಯನ್ನು ತಮ್ಮ ಹತೋಟಿಯಲ್ಲಿ ಇಟ್ಟುಕೊಳ್ಳಲು ಸೂಕ್ತ ಎಚ್ಚರಿಕೆ ವಹಿಸುವುದು ಪ್ರಮಾಣಪತ್ರ ಪಡೆದವರ ಕರ್ತವ್ಯ. ಕೀಲಿಯು ಕೈತಪ್ಪಿದಲ್ಲಿ ವಿಳಂಬವಿಲ್ಲದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ಹಾಗೆ ತಿಳಿಸುವವರೆಗಿನ ಹೊಣೆ ಪ್ರಮಾಣಪತ್ರ ಪಡೆದವರದೇ ಆಗಿರುತ್ತದೆ. ಸಹಿ ಮಾಡಿದ ಖಾಲಿ ಕಾಗದವನ್ನು ಯಾರ ಕೈಗೂ ಕೊಡದವರು ಟೋಕನ್ ಮತ್ತು ಪಿನ್ ಎರಡನ್ನೂ ಒಟ್ಟಿಗೆ ಕೊಡುವುದು ತರವಲ್ಲ.

11. ಸಾಧನ ಗುರುತಿಸಲ್ಪಡದಿದ್ದಾಗ ಅನುಸರಿಸಬೇಕಾದ ಕ್ರಮ

ವಿಂಡೋಸ್‌ನ ‘ಡಿವೈಸ್ ಮ್ಯಾನೇಜರ್’ ತೆರೆದು ಸಾಧನದ ಸ್ಥಿತಿಯನ್ನು ನೋಡತಕ್ಕದ್ದು. ಅಲ್ಲಿ ಕಾಣುವ ಸಂಕೇತವನ್ನು ಆಧರಿಸಿ ಕ್ರಮ ಕೈಗೊಳ್ಳಬಹುದು:

(ಅ) ಸಾಧನ ಪಟ್ಟಿಯಲ್ಲಿ ಇಲ್ಲವೇ ಇಲ್ಲ: ಜೋಡಣೆಯ ತಂತಿ, ಕಿಂಡಿಗಳನ್ನು ಪರೀಕ್ಷಿಸಿ. ಮೊಬೈಲ್ ಚಾರ್ಜ್ ಮಾಡಲು ಮಾತ್ರ ಬಳಸುವ ಕೆಲವು ತಂತಿಗಳಲ್ಲಿ ದತ್ತಾಂಶದ ಎಳೆಗಳೇ ಇರುವುದಿಲ್ಲ. ಸಾಧನದ ದೀಪ ಉರಿದರೂ ಅದು ಗುರುತಿಸಲ್ಪಡುವುದಿಲ್ಲ.

(ಆ) ಸಂಕೇತ 43 ಮತ್ತು ‘ವಿವರಣ ಪಟ್ಟಿ ಓದಲಾಗಲಿಲ್ಲ’ ಎಂಬ ಅರ್ಥದ ಸಂದೇಶ: ಮೇಲಿನ 4ನೇ ಭಾಗದ ನಾಲ್ಕನೆಯ ಹಂತ ಯಶಸ್ವಿಯಾಗಿಲ್ಲ. ಇಂಥ ಸಂದರ್ಭದಲ್ಲಿ ತಯಾರಕರ ಸಂಖ್ಯೆ 0000 ಎಂದು ಕಾಣುತ್ತದೆ. ಚಾಲಕ ತಂತ್ರಾಂಶವನ್ನು ಮತ್ತೆ ಮತ್ತೆ ಹಾಕುವುದರಿಂದ ಪ್ರಯೋಜನವಾಗುವುದು ವಿರಳ. ಬೇರೆ ಕಿಂಡಿ, ಬೇರೆ ತಂತಿ, ಬೇರೆ ಗಣಕಯಂತ್ರದಲ್ಲಿ ನೋಡಿ. ಎಲ್ಲೆಡೆಯೂ ಹೀಗೇ ಆದಲ್ಲಿ ಸಾಧನವೇ ಕೆಟ್ಟಿರುವ ಸಂಭವ ಹೆಚ್ಚು.

(ಇ) ಸಂಕೇತ 28: ಸಾಧನ ಸರಿಯಾಗಿ ಉತ್ತರಿಸಿದೆ, ಚಾಲಕ ತಂತ್ರಾಂಶ ಇಲ್ಲ. ತಯಾರಕರ ಅಧಿಕೃತ ಜಾಲತಾಣದಿಂದ ಮಾತ್ರ ಪಡೆದು ಹಾಕತಕ್ಕದ್ದು.

(ಈ) ಹಬ್ ಮೂಲಕ ಜೋಡಿಸಿದ ಬೆರಳಚ್ಚು ಯಂತ್ರ ನಡುನಡುವೆ ನಿಲ್ಲುವುದು: ಸ್ವಂತ ವಿದ್ಯುತ್ ಇಲ್ಲದ ಯುಎಸ್‌ಬಿ 2.0 ಹಬ್‌ನ ಪ್ರತಿ ಕಿಂಡಿಗೆ 100 ಮಿಲಿ ಆಂಪಿಯರ್ ಮಾತ್ರ ಲಭ್ಯ. ಗಣಕಯಂತ್ರಕ್ಕೆ ನೇರವಾಗಿ ಜೋಡಿಸಿ.

(ಉ) ಸಾಧನ ಸರಿಯಾಗಿದೆ, ಸಂಕೇತ ಯಾವುದೂ ಇಲ್ಲ, ಆದರೂ ಬೆರಳಚ್ಚು ಹೊಂದುತ್ತಿಲ್ಲ: ಇದು ಸಾಧನದ ಗುರುತಿಸುವಿಕೆಗೆ ಸಂಬಂಧಿಸಿದ್ದಲ್ಲ. ಕೈ ತೊಳೆದು ಒರೆಸಿ, ಬೇರೆ ಬೆರಳನ್ನು ಬಳಸಿ ಪ್ರಯತ್ನಿಸಬಹುದು. ವಯಸ್ಸಿನಿಂದ ಅಥವಾ ದುಡಿಮೆಯಿಂದ ಬೆರಳ ಗೆರೆಗಳು ಸವೆದಿರುವವರು ಆಧಾರ್ ದೃಢೀಕರಣಕ್ಕೆ ಕಣ್ಣಿನ ಪಾಪೆ ಅಥವಾ ನೋಂದಾಯಿತ ಮೊಬೈಲ್‌ಗೆ ಬರುವ ಒಟಿಪಿ ಮುಂತಾದ ಪರ್ಯಾಯ ವಿಧಾನದ ಲಭ್ಯತೆಯನ್ನು ಸಂಬಂಧಪಟ್ಟ ಕೌಂಟರ್‌ನಲ್ಲಿ ವಿಚಾರಿಸತಕ್ಕದ್ದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಟೋಕನ್ ಹಾಳಾದಲ್ಲಿ ಒಳಗಿನ ಡಿಜಿಟಲ್ ಸಹಿಯನ್ನು ಹೊಸ ಟೋಕನ್‌ಗೆ ವರ್ಗಾಯಿಸಬಹುದೇ?
ಉತ್ತರ: ಸಾಧ್ಯವಿಲ್ಲ. ಹಳೆಯ ಪ್ರಮಾಣಪತ್ರವನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕಾಗುತ್ತದೆ.

ಪ್ರಶ್ನೆ: ಹಳೆಯ ‘ಕ್ಲಾಸ್ 2’ ಪ್ರಮಾಣಪತ್ರವಿರುವ ಟೋಕನ್ ಗಣಕಯಂತ್ರದಲ್ಲಿ ಕಾಣುತ್ತಿದೆ. ಬಳಸಬಹುದೇ?
ಉತ್ತರ: ಕ್ಲಾಸ್ 2 ಪ್ರಮಾಣಪತ್ರ ನೀಡುವುದನ್ನು 2021ರ ಜನವರಿ 1ರಿಂದ ನಿಲ್ಲಿಸಲಾಗಿದೆ. ಟೋಕನ್ ಗುರುತಿಸಲ್ಪಟ್ಟರೂ ಅದರೊಳಗಿನ ಪ್ರಮಾಣಪತ್ರದ ಅವಧಿ ಮುಗಿದಿದ್ದಲ್ಲಿ ಅದರಿಂದ ಹೊಸದಾಗಿ ಸಹಿ ಮಾಡಲಾಗದು. ಕ್ಲಾಸ್ 3 ಪ್ರಮಾಣಪತ್ರ ಪಡೆಯತಕ್ಕದ್ದು.

ಪ್ರಶ್ನೆ: ಸಾಧನವನ್ನು ಹಾಗೆಯೇ ಕಿತ್ತು ತೆಗೆಯಬಹುದೇ?
ಉತ್ತರ: ಪೆನ್ ಡ್ರೈವ್‌ಗೆ ಬರೆಯಬೇಕಾದ ಮಾಹಿತಿ ಕೆಲವೊಮ್ಮೆ ಗಣಕಯಂತ್ರದ ನೆನಪಿನಲ್ಲಿಯೇ ಬಾಕಿ ಉಳಿದಿರಬಹುದು. ಆದ್ದರಿಂದ ‘ಸುರಕ್ಷಿತವಾಗಿ ತೆಗೆ’ ಎಂಬ ಆಯ್ಕೆಯನ್ನು ಬಳಸಿದ ನಂತರವೇ ತೆಗೆಯುವುದು ಕ್ಷೇಮಕರ.

ಪ್ರಶ್ನೆ: ಕೊನೆಯ ದಿನದಂದು ಸಾಧನ ಕೈಕೊಟ್ಟರೆ ವಿನಾಯಿತಿ ದೊರೆಯುವುದೇ?
ಉತ್ತರ: ಇದು ಆಯಾ ಸೇವೆಯ ನಿಯಮಗಳಿಗೆ ಒಳಪಟ್ಟಿರುತ್ತದೆ. ಅರ್ಜಿದಾರರು ಕನಿಷ್ಠ ಒಂದು ವಾರ ಮುಂಚಿತವಾಗಿ ಟೋಕನ್ ಜೋಡಿಸಿ, ಅದು ಗುರುತಿಸಲ್ಪಡುತ್ತಿದೆಯೇ, ಪ್ರಮಾಣಪತ್ರದ ಅವಧಿ ಬಾಕಿ ಇದೆಯೇ ಮತ್ತು ಪಿನ್ ಸರಿಯಾಗಿದೆಯೇ ಎಂಬುದನ್ನು ಪರೀಕ್ಷಿಸಿಕೊಳ್ಳುವಂತೆ ಕೋರಲಾಗಿದೆ.

ಸಾರ್ವಜನಿಕರ ತಿಳುವಳಿಕೆಗಾಗಿ ಮೇಲ್ಕಂಡ ಮಾಹಿತಿಯನ್ನು ಪ್ರಕಟಿಸಲಾಗಿದೆ. ನಿರ್ದಿಷ್ಟ ಸೇವೆಗೆ ಅನ್ವಯವಾಗುವ ಶುಲ್ಕ, ನಮೂನೆ ಹಾಗೂ ಕಾಲಮಿತಿಗಳಿಗೆ ಸಂಬಂಧಪಟ್ಟ ಇಲಾಖೆಯ ಆದೇಶಗಳೇ ಅಂತಿಮವಾಗಿರುತ್ತವೆ.